ಬೆಳ್ಳಿ ಸವೆದ ಲೆಕ್ಕ, ನೀರಿಗಿಳಿದ ಲೆಕ್ಕ

ಕುಡಚಡೆಯಿಂದ ಓದುಗರೊಬ್ಬರು ಎರಡು ಪ್ರಶ್ನೆಗಳನ್ನು ಒಂದೇ ಕಾಗದದಲ್ಲಿ ಬರೆದು ಕಳುಹಿಸಿದ್ದಾರೆ. ಮೊದಲನೆಯದು ಹತ್ತನೆಯ ತರಗತಿಯಲ್ಲಿ ಓದುತ್ತಿರುವ ಅವರ ಮಗನದು, ಎರಡನೆಯದು ತಾಯಿಯದು. ಬೆಳ್ಳಿಯ ಎರಡು ತಂತಿಗಳನ್ನು ನೀರಿನ ಲೋಟದಲ್ಲಿ ಇಳಿಬಿಟ್ಟು, ಒಂಬತ್ತು ವೋಲ್ಟಿನ ಮೂರು ಬ್ಯಾಟರಿಗಳನ್ನು ಜೋಡಿಸಿದರೆ ‘ಬೆಳ್ಳಿ ನೀರು’ ಸಿದ್ಧವಾಗುತ್ತದೆ, ಅದನ್ನು ದಿನವೂ ಕುಡಿದರೆ ನೆಗಡಿ, ಜ್ವರ, ಹೊಟ್ಟೆಯ ಬೇನೆ ಹತ್ತಿರ ಸುಳಿಯುವುದಿಲ್ಲ ಎಂಬ ದೃಶ್ಯಗಳು ಮೊಬೈಲಿನಲ್ಲಿ ಹರಿದಾಡುತ್ತಿವೆ. ಮಗ ಕೇಳುವುದೇನೆಂದರೆ, ತಂತಿ ಎಷ್ಟು ಸವೆಯಿತೋ ಅಷ್ಟು ಬೆಳ್ಳಿ ನೀರಿನಲ್ಲಿದೆ ಎಂದು ತಿಳಿಯಬಹುದೆ? ತಾಯಿ ಕೇಳುವುದೇನೆಂದರೆ, ಅದನ್ನು ಮಕ್ಕಳಿಗೆ ಕುಡಿಸಬಹುದೆ?

ಇವೆರಡೂ ಬೇರೆ ಬೇರೆ ಪ್ರಶ್ನೆಗಳಂತೆ ತೋರುತ್ತವೆ. ಆದರೆ ಮಗನ ಪ್ರಶ್ನೆಗೆ ಸರಿಯಾದ ಉತ್ತರ ದೊರೆತಾಗಲೇ ತಾಯಿಯ ಪ್ರಶ್ನೆಗೂ ಉತ್ತರ ದೊರೆಯುತ್ತದೆ. ಆದುದರಿಂದ ಲೆಕ್ಕದಿಂದಲೇ ಆರಂಭಿಸೋಣ.

ಲೋಟದೊಳಗೆ ನಡೆಯುವುದೇನು?

ಬ್ಯಾಟರಿಯ ಧನ ತುದಿಗೆ ಸೇರಿದ ತಂತಿಯನ್ನು ಧನಾಗ್ರವೆಂದೂ, ಋಣ ತುದಿಗೆ ಸೇರಿದುದನ್ನು ಋಣಾಗ್ರವೆಂದೂ ಕರೆಯುತ್ತೇವೆ. ವಿದ್ಯುತ್ ಹರಿಯತೊಡಗಿದೊಡನೆ ಧನಾಗ್ರದ ಬೆಳ್ಳಿಯ ಪರಮಾಣುಗಳು ತಲಾ ಒಂದು ಇಲೆಕ್ಟ್ರಾನನ್ನು ತಂತಿಗೆ ಬಿಟ್ಟುಕೊಟ್ಟು, ಬೆಳ್ಳಿಯ ಅಯಾನುಗಳಾಗಿ ನೀರಿಗೆ ಇಳಿಯುತ್ತವೆ. ಋಣಾಗ್ರದಲ್ಲಿ ನೀರು ಇಲೆಕ್ಟ್ರಾನುಗಳನ್ನು ಪಡೆದು ಹೈಡ್ರೋಜನ್ನಿನ ಸಣ್ಣ ಗುಳ್ಳೆಗಳನ್ನು ಬಿಡುತ್ತದೆ. ಅಲ್ಲಿಯ ನೀರು ತುಸು ಕ್ಷಾರೀಯವಾಗುತ್ತದೆ. ಹೀಗೆ ಸವೆಯುವುದು ಧನಾಗ್ರ ಮಾತ್ರ. ಎರಡು ತಂತಿಗಳೂ ಒಂದೇ ಬೆಳ್ಳಿಯವಾಗಿದ್ದರೂ ಒಂದು ತೆಳ್ಳಗಾಗುತ್ತ ಹೋಗುತ್ತದೆ, ಇನ್ನೊಂದು ಹಾಗೆಯೇ ಉಳಿಯುತ್ತದೆ. ಕೆಲವು ಯಂತ್ರಗಳಲ್ಲಿ ಸ್ವಲ್ಪ ಹೊತ್ತಿಗೊಮ್ಮೆ ವಿದ್ಯುತ್ತಿನ ದಿಕ್ಕನ್ನು ಅದಲುಬದಲು ಮಾಡುವ ಏರ್ಪಾಡಿರುತ್ತದೆ. ಅಲ್ಲಿ ಎರಡೂ ತಂತಿಗಳು ಸರದಿಯಂತೆ ಸವೆಯುತ್ತವೆ.

ಸವೆತ ತಂತಿಯ ಉದ್ದಕ್ಕೂ ಸಮನಾಗಿರುವುದಿಲ್ಲ. ಎದುರಿನ ತಂತಿಗೆ ಮುಖಮಾಡಿದ ಬದಿಯಲ್ಲಿ ಮತ್ತು ತುದಿಯಲ್ಲಿ ವಿದ್ಯುತ್ತಿನ ಸೆಳೆತ ಹೆಚ್ಚಾಗಿರುವುದರಿಂದ ಅಲ್ಲಿ ಬೆಳ್ಳಿ ಬೇಗ ಕರಗುತ್ತದೆ. ಧನಾಗ್ರದ ಮೇಲೆ ಬೆಳ್ಳಿಯ ಆಕ್ಸೈಡಿನ ಕಂದು-ಕಪ್ಪು ಲೇಪ ಕೂರುತ್ತದೆ. ಇತ್ತ ಋಣಾಗ್ರದ ಮೇಲೆ ಬೂದುಬಣ್ಣದ, ಅರಳೆಯಂಥ ಹುಡಿಯೊಂದು ಬೆಳೆಯುತ್ತದೆ. ಈ ಹುಡಿ ಎಲ್ಲಿಂದ ಬಂತೆಂಬುದೇ ನಮ್ಮ ಲೆಕ್ಕದ ಮುಖ್ಯ ತೊಡಕು. ಅದಕ್ಕೆ ಆಮೇಲೆ ಬರೋಣ.

ಫ್ಯಾರಡೆಯ ನಿಯಮ

ಎಷ್ಟು ವಿದ್ಯುತ್ ಹರಿದರೆ ಎಷ್ಟು ಲೋಹ ಕರಗುತ್ತದೆ ಎಂಬುದನ್ನು 1830ರ ದಶಕದಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದರು. ಅವರು ಲಂಡನ್ನಿನ ಒಬ್ಬ ಬಡ ಕಮ್ಮಾರನ ಮಗ. ಬಾಲ್ಯದಲ್ಲಿ ದೊರೆತ ಶಾಲಾಶಿಕ್ಷಣ ಅತ್ಯಲ್ಪ. ಹದಿನಾಲ್ಕನೆಯ ವಯಸ್ಸಿಗೆ ಪುಸ್ತಕಗಳಿಗೆ ರಟ್ಟು ಕಟ್ಟುವವನ ಬಳಿ ಕೆಲಸ ಕಲಿಯಲು ಸೇರಿ, ರಟ್ಟು ಕಟ್ಟಲು ಬಂದ ಪುಸ್ತಕಗಳನ್ನು ಓದಿಯೇ ವಿಜ್ಞಾನಿಯಾದವರು. ದುಡಿಮೆಗಾಗಿ ಊರು ಬಿಟ್ಟು ಬಂದ ತಂದೆತಾಯಿಗಳ ಮಕ್ಕಳು ಈ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಅವರ ನಿಯಮದ ತಿರುಳು ಸರಳವಾಗಿದೆ: ಕರಗುವ ಲೋಹದ ರಾಶಿ ಹರಿದ ಒಟ್ಟು ವಿದ್ಯುದಂಶಕ್ಕೆ ಅನುಪಾತದಲ್ಲಿರುತ್ತದೆ. ಬೆಳ್ಳಿಯ ಮಟ್ಟಿಗೆ ಒಂದು ಕೂಲಂಬ್ ವಿದ್ಯುದಂಶಕ್ಕೆ 1.118 ಮಿಲಿಗ್ರಾಂ. ಈ ಸಂಖ್ಯೆ ಎಷ್ಟು ನಂಬಿಕೆಗೆ ಪಾತ್ರವಾಗಿತ್ತೆಂದರೆ, 1908ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಸಮ್ಮೇಳನವು ವಿದ್ಯುತ್ತಿನ ಅಳತೆಯಾದ ಆಂಪಿಯರನ್ನೇ ಬೆಳ್ಳಿಯ ಮೂಲಕ ನಿರೂಪಿಸಿತು. ಸಿಲ್ವರ್ ನೈಟ್ರೇಟ್ ದ್ರಾವಣದಿಂದ ಒಂದು ಸೆಕೆಂಡಿಗೆ 0.001118 ಗ್ರಾಂ ಬೆಳ್ಳಿಯನ್ನು ಕೂರಿಸುವ ಸ್ಥಿರ ಪ್ರವಾಹವೇ ಒಂದು ಆಂಪಿಯರ್. 1948ರವರೆಗೆ ಜಗತ್ತಿನ ವಿದ್ಯುತ್ ಮಾಪಕಗಳೆಲ್ಲ ಕೊನೆಗೆ ಈ ಬೆಳ್ಳಿಯ ತೂಕಕ್ಕೇ ಬದ್ಧವಾಗಿದ್ದವು.

ಈಗ ನಮ್ಮ ಲೋಟಕ್ಕೆ ಬರೋಣ. ಒಂದು ಮಿಲಿಆಂಪಿಯರ್ ಪ್ರವಾಹ ಒಂದು ತಾಸು ಹರಿಯಿತೆನ್ನಿ. ಒಂದು ತಾಸಿಗೆ 3600 ಸೆಕೆಂಡುಗಳಾದ್ದರಿಂದ ಹರಿದ ವಿದ್ಯುದಂಶ 3.6 ಕೂಲಂಬ್. ಅದನ್ನು 1.118ರಿಂದ ಗುಣಿಸಿದರೆ ಸುಮಾರು 4 ಮಿಲಿಗ್ರಾಂ. ಲೋಟದಲ್ಲಿ 250 ಮಿಲಿಲೀಟರ್ ನೀರಿದ್ದರೆ, ಲೀಟರಿಗೆ 16 ಮಿಲಿಗ್ರಾಂ ಆಯಿತು. ‘ಪಿ.ಪಿ.ಎಂ.’ ಎಂದು ಹೇಳುವುದು ಇದನ್ನೇ; ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಎಂದರೆ ಒಂದು ಪಿ.ಪಿ.ಎಂ.

ನಾಲ್ಕು ಮಿಲಿಗ್ರಾಂ ಎಂದರೆ ಎಷ್ಟು? ನಮ್ಮ ಪತ್ತಾರರು ಹಿಂದೆ ಗುಲಗಂಜಿಯಿಂದ ತೂಗುತ್ತಿದ್ದರು. ಒಂದು ಗುಲಗಂಜಿಯ ತೂಕ ಸುಮಾರು 120 ಮಿಲಿಗ್ರಾಂ. ಅಂದರೆ ಒಂದು ಗುಲಗಂಜಿ ತೂಕದ ಬೆಳ್ಳಿ ಸವೆಯಬೇಕಾದರೆ ಈ ಲೋಟವನ್ನು ಮೂವತ್ತು ತಾಸು ನಡೆಸಬೇಕು. ಒಂದು ತಾಸಿನ ಸವೆತವನ್ನು ಕಣ್ಣಿನಿಂದಾಗಲಿ ಬೆರಳಿನಿಂದಾಗಲಿ ಅರಿಯಲಾಗದು. ಅಡುಗೆಮನೆಯ ತಕ್ಕಡಿ ಒಂದು ಗ್ರಾಂಗಿಂತ ಕೆಳಗೆ ತೋರಿಸುವುದಿಲ್ಲ. ಆಭರಣದಂಗಡಿಯ ತಕ್ಕಡಿಯಲ್ಲಿಯೂ ನಾಲ್ಕು ಮಿಲಿಗ್ರಾಂ ವ್ಯತ್ಯಾಸ ತಂತಿಗೆ ಅಂಟಿದ ಒಂದು ಹನಿ ನೀರಿನಲ್ಲಿ ಮರೆಯಾಗಿಬಿಡುತ್ತದೆ. ಏಕೆಂದರೆ ಒಂದು ಹನಿ ನೀರಿನ ತೂಕವೇ ಸುಮಾರು 50 ಮಿಲಿಗ್ರಾಂ. ತಂತಿ ‘ಹೊಸದರಂತೆಯೇ ಇದೆ’ ಎಂಬ ಕಾರಣಕ್ಕೆ ನೀರಿನಲ್ಲಿ ಬೆಳ್ಳಿ ಕಡಿಮೆಯಿದೆಯೆಂದು ಭಾವಿಸುವುದು ಹೀಗೆ ನಿರಾಧಾರವಾಗುತ್ತದೆ.

ಲೆಕ್ಕ ಏಕೆ ತಾಳೆಯಾಗುವುದಿಲ್ಲ?

ಫ್ಯಾರಡೆಯ ನಿಯಮ ತಪ್ಪುವುದಿಲ್ಲ. ಆದರೆ ಅದು ಹೇಳುವುದು ಧನಾಗ್ರದಿಂದ ಎಷ್ಟು ಬೆಳ್ಳಿ ಹೊರಟಿತು ಎಂಬುದನ್ನು ಮಾತ್ರ. ಹೊರಟದ್ದೆಲ್ಲ ನೀರಿನಲ್ಲಿ ಉಳಿಯಿತೆಂದು ಅದು ಎಲ್ಲಿಯೂ ಹೇಳಿಲ್ಲ. ಸಾವರ್ಡೆ-ಕುಡಚಡೆಯ ನಿಲ್ದಾಣದಲ್ಲಿ ರೈಲು ಹತ್ತಿದವರೆಲ್ಲ ಲೋಂಡಾದಲ್ಲಿಯೇ ಇಳಿಯುವುದಿಲ್ಲವಷ್ಟೆ. ಕೆಲವರು ಕುಳೆಯಲ್ಲಿ ಇಳಿಯುತ್ತಾರೆ, ಕೆಲವರು ಮುಂದೆ ಹುಬ್ಬಳ್ಳಿಗೆ ಹೋಗುತ್ತಾರೆ. ಮಾರಾಟವಾದ ಟಿಕೀಟುಗಳನ್ನು ಎಣಿಸಿ ಲೋಂಡಾದ ಜನಸಂಖ್ಯೆಯನ್ನು ಹೇಳಲಾಗದು. ಲೋಟದೊಳಗೂ ಬೆಳ್ಳಿಗೆ ಇಳಿದಾಣಗಳು ಹಲವು.

ಒಂದನೆಯದು ಋಣಾಗ್ರ. ನೀರಿಗಿಳಿದ ಬೆಳ್ಳಿಯ ಅಯಾನುಗಳು ಧನ ವಿದ್ಯುದಂಶವುಳ್ಳವಾದ್ದರಿಂದ ಋಣಾಗ್ರದತ್ತ ಸೆಳೆಯಲ್ಪಡುತ್ತವೆ. ಅಲ್ಲಿ ಇಲೆಕ್ಟ್ರಾನನ್ನು ಮರಳಿ ಪಡೆದು ಮತ್ತೆ ಲೋಹವಾಗುತ್ತವೆ. ಆಗಲೇ ಹೇಳಿದ ಬೂದುಬಣ್ಣದ ಹುಡಿ ಇದೇ. ಬೆಳ್ಳಿಯ ಲೇಪ ಕೊಡುವ ಅಂಗಡಿಗಳಲ್ಲಿ ಪಾತ್ರೆಗೆ ಬೆಳ್ಳಿ ಕೂರುವುದೂ ಇದೇ ತತ್ತ್ವದಿಂದ. ನೀರಿನಲ್ಲಿ ಅಯಾನುಗಳು ಹೆಚ್ಚಿದಂತೆಲ್ಲ ಈ ಮರಳುವಿಕೆಯೂ ಹೆಚ್ಚುತ್ತದೆ. ಮೊದಲ ಹತ್ತು ನಿಮಿಷದ ಲೆಕ್ಕವನ್ನು ಆರರಿಂದ ಗುಣಿಸಿ ಒಂದು ತಾಸಿನ ಸಾರತೆಯನ್ನು ಹೇಳಲು ಇದರಿಂದಲೇ ಸಾಧ್ಯವಾಗುವುದಿಲ್ಲ.

ಎರಡನೆಯದು ಲೋಟದ ತಳ. ಬೆಳ್ಳಿಯ ಅಯಾನು ನೀರಿನ ಕ್ಷಾರೀಯ ಭಾಗದೊಡನೆ ಸೇರಿ ಕಂದುಬಣ್ಣದ ಸಿಲ್ವರ್ ಆಕ್ಸೈಡ್ ಆಗುತ್ತದೆ. ಅದು ನೀರಿನಲ್ಲಿ ಕರಗುವುದು ಬಹು ಕಡಿಮೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಲೀಟರಿಗೆ ಸುಮಾರು 13 ಮಿಲಿಗ್ರಾಂ. ಮಿತಿ ಮೀರಿದ್ದು ಹುಡಿಯಾಗಿ ಕೆಳಗೆ ಕೂರುತ್ತದೆ ಅಥವಾ ತೇಲುತ್ತದೆ. ಋಣಾಗ್ರದ ಅರಳೆಯಂಥ ಬೆಳ್ಳಿಯೂ ಅಲುಗಿದಾಗ ಕಳಚಿ ನೀರಿಗೆ ಬೀಳುತ್ತದೆ. ಹೀಗೆ ಬಿದ್ದ ಚೂರುಗಳು ಒಂದು ಗುಟುಕಿನಲ್ಲಿ ಹೆಚ್ಚು, ಇನ್ನೊಂದು ಗುಟುಕಿನಲ್ಲಿ ಕಡಿಮೆ ಬರುತ್ತವೆ. ಒಂದೇ ಲೋಟದ ಎರಡು ಚಮಚಗಳಲ್ಲಿ ಬೆಳ್ಳಿ ಒಂದೇ ಪ್ರಮಾಣದಲ್ಲಿರುತ್ತದೆಂದು ಹೇಳಲಾಗುವುದಿಲ್ಲ.

ಮೂರನೆಯದು ನೀರಿನಲ್ಲಿ ಮೊದಲೇ ಇದ್ದ ಲವಣ. ಕುಡಚಡೆಯ ನಲ್ಲಿಗಳಿಗೆ ಬರುವಂಥ ಸಾರ್ವಜನಿಕ ನೀರನ್ನು ಕ್ಲೋರಿನ್ನಿನಿಂದ ಶುದ್ಧಗೊಳಿಸಿರುತ್ತಾರೆ. ಬಾವಿಯ ನೀರಿನಲ್ಲಿಯೂ ಕ್ಲೋರೈಡ್ ಇದ್ದೇ ಇರುತ್ತದೆ. ಬೆಳ್ಳಿಯ ಅಯಾನು ಕ್ಲೋರೈಡಿನೊಡನೆ ಸೇರಿದರೆ ಬಿಳಿಯ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಇದು ಲೀಟರಿಗೆ ಸುಮಾರು ಎರಡು ಮಿಲಿಗ್ರಾಂ ಮಾತ್ರ ಕರಗುವ ವಸ್ತು. ನಲ್ಲಿಯ ನೀರಿನಲ್ಲಿ ತಂತಿಗಳನ್ನಿಟ್ಟಾಗ ಹಾಲಿನಂಥ ಮೋಡ ಏಳುವುದು ಇದರಿಂದಲೇ. ಅದನ್ನು ‘ಔಷಧ ಇಳಿಯುತ್ತಿದೆ’ ಎಂದು ತೋರಿಸುವವರು ಇಳಿಯುತ್ತಿರುವುದು ಏನೆಂದು ಹೇಳುವುದಿಲ್ಲ. ಬೇಗ ಆಗಲೆಂದು ಚಿಟಿಕೆ ಉಪ್ಪು ಹಾಕುವವರೂ ಇದ್ದಾರೆ. ಉಪ್ಪು ಬಿದ್ದೊಡನೆ ಪ್ರವಾಹ ಒಮ್ಮೆಲೇ ಹಲವು ಪಟ್ಟು ಏರುತ್ತದೆ, ತಂತಿ ಬೇಗ ಸವೆಯುತ್ತದೆ, ನೀರಿನಲ್ಲಿ ಬಿಳಿಯ ಹುಡಿ ತುಂಬುತ್ತದೆ.

ಒಂದು ಉದಾಹರಣೆಯಿಂದ ಇದನ್ನು ಗಟ್ಟಿಮಾಡಿಕೊಳ್ಳೋಣ. ಧನಾಗ್ರ 4 ಮಿಲಿಗ್ರಾಂ ಕಳೆದುಕೊಂಡಿದೆ ಎಂದಿಟ್ಟುಕೊಳ್ಳಿ. ಋಣಾಗ್ರಕ್ಕೆ 1 ಮಿಲಿಗ್ರಾಂ ಅಂಟಿದೆ, ತಳದಲ್ಲಿ 1 ಮಿಲಿಗ್ರಾಂ ಹುಡಿ ಕೂತಿದೆ. ನೀರಿನಲ್ಲಿ ಉಳಿದದ್ದು 2 ಮಿಲಿಗ್ರಾಂ. ಕಾಲು ಲೀಟರ್ ನೀರಿಗೆ ಸಾರತೆ 8 ಪಿ.ಪಿ.ಎಂ. ಆಯಿತು, ಧನಾಗ್ರದ ಸವೆತದಿಂದ ಹೇಳಿದ್ದು 16. ಲೋಟವನ್ನು ಕಲಕಿ ತಳದ ಹುಡಿಯನ್ನೂ ಸೇರಿಸಿ ಕುಡಿದರೆ ಹೊಟ್ಟೆಗೆ ಹೋದದ್ದು 12ರ ಲೆಕ್ಕದಲ್ಲಿ. ಮೂರು ಸಂಖ್ಯೆಗಳು ಬಂದವು, ಲೋಟ ಮಾತ್ರ ಒಂದೇ. ಆದುದರಿಂದ ಮಗನ ಪ್ರಶ್ನೆಗೆ ಉತ್ತರ ಹೀಗೆ: ತಂತಿಯ ಸವೆತವು ನೀರಿನಲ್ಲಿರಬಹುದಾದ ಬೆಳ್ಳಿಯ ಗರಿಷ್ಠ ಮಿತಿಯನ್ನು ಹೇಳುತ್ತದೆ, ಇರುವ ಪ್ರಮಾಣವನ್ನು ಹೇಳುವುದಿಲ್ಲ.

ಗಡಿಯಾರವನ್ನೂ ನಂಬುವಂತಿಲ್ಲ

‘ಹದಿನೈದು ನಿಮಿಷ ಇಡಿ, ಸಾಕು’ ಎಂಬುದು ಇಂಥ ದೃಶ್ಯಗಳ ಸಾಮಾನ್ಯ ಸೂಚನೆ. ಫ್ಯಾರಡೆಯ ಸೂತ್ರದಲ್ಲಿ ಕಾಲದೊಡನೆ ಪ್ರವಾಹವೂ ಇದೆಯೆಂಬುದನ್ನು ಅವರು ಮರೆತಿರುತ್ತಾರೆ. ಭಟ್ಟಿ ಇಳಿಸಿದ ಶುದ್ಧ ನೀರು ವಿದ್ಯುತ್ತನ್ನು ಬಹಳ ಕಡಿಮೆ ಹರಿಯಗೊಡುತ್ತದೆ. ಆದ್ದರಿಂದ ಮೊದಲು ಪ್ರವಾಹ ಅತ್ಯಲ್ಪ. ಬೆಳ್ಳಿಯ ಅಯಾನುಗಳು ಇಳಿದಂತೆ ನೀರಿನ ವಾಹಕತೆ ಏರುತ್ತದೆ; ಪ್ರವಾಹ ಹೆಚ್ಚುತ್ತದೆ; ಪ್ರವಾಹ ಹೆಚ್ಚಿದ್ದರಿಂದ ಇನ್ನಷ್ಟು ಬೆಳ್ಳಿ ಇಳಿಯುತ್ತದೆ. ಇಳಿಜಾರಿನಲ್ಲಿ ಉರುಳಿದ ಗುಂಡಿನಂತೆ ವೇಗ ತಾನಾಗಿ ಏರುತ್ತ ಹೋಗುತ್ತದೆ. ತಂತಿಗಳ ನಡುವಿನ ಅಂತರ, ಮುಳುಗಿದ ಉದ್ದ, ನೀರಿನ ಉಷ್ಣತೆ, ಬ್ಯಾಟರಿಯ ಹಳತನ, ಇವುಗಳಲ್ಲಿ ಯಾವುದು ಬದಲಾದರೂ ಪ್ರವಾಹ ಬದಲಾಗುತ್ತದೆ.

ಲೆಕ್ಕ ಮಾಡಿ ನೋಡಿ. ಹದಿನೈದು ನಿಮಿಷ ಸರಾಸರಿ 1 ಮಿಲಿಆಂಪಿಯರ್ ಹರಿದರೆ ಹೊರಡುವ ಬೆಳ್ಳಿ ಸುಮಾರು 1 ಮಿಲಿಗ್ರಾಂ. ಕಾಲು ಲೀಟರಿಗೆ 4 ಪಿ.ಪಿ.ಎಂ. ಅದೇ ಹದಿನೈದು ನಿಮಿಷ ಸರಾಸರಿ 5 ಮಿಲಿಆಂಪಿಯರ್ ಹರಿದರೆ 20 ಪಿ.ಪಿ.ಎಂ. ಗಡಿಯಾರ ಒಂದೇ ಮಾತನ್ನು ಹೇಳಿತು, ಬೆಳ್ಳಿ ಐದು ಪಟ್ಟಾಯಿತು.

ಹಾಗಾದರೆ ನೀರು ಶುದ್ಧೀಕರಿಸುವ ಯಂತ್ರ ಮಾರುವವರು ಕಿಸೆಯಿಂದ ತೆಗೆದು ತೋರಿಸುವ ಟಿ.ಡಿ.ಎಸ್. ಮೀಟರಿನಿಂದ ಅಳೆಯಬಹುದಲ್ಲ ಎಂದು ಕೆಲವರು ಕೇಳಬಹುದು. ಅದು ಅಳೆಯುವುದು ನೀರಿನ ವಾಹಕತೆಯನ್ನು. ಆ ವಾಹಕತೆಯನ್ನು ಸಾಮಾನ್ಯ ಲವಣಗಳ ಲೆಕ್ಕಕ್ಕೆ ಪರಿವರ್ತಿಸಿ ಒಂದು ಅಂಕಿಯನ್ನು ತೋರಿಸುತ್ತದೆ. ಬೆಳ್ಳಿಯ ಲೋಹದ ಕಣಗಳು ಅದರ ಲೆಕ್ಕಕ್ಕೆ ಬರುವುದೇ ಇಲ್ಲ. ಗಾಳಿಯಿಂದ ನೀರಿಗೆ ಸೇರಿದ ಇಂಗಾಲದ ಡೈಆಕ್ಸೈಡ್, ಲೋಟದಲ್ಲಿ ಉಳಿದಿದ್ದ ಉಪ್ಪು ಇವು ಬಂದುಬಿಡುತ್ತವೆ. ನೀರಿನೊಳಗೆ ಬೆಳಕಿನ ಕಿರಣವನ್ನು ಹಾಯಿಸಿ, ದಾರಿ ಹೊಳೆಯುವುದನ್ನು ತೋರಿಸಿ ‘ನೋಡಿ, ಕಲಿಲ ಸಿದ್ಧವಾಯಿತು’ ಎನ್ನುವುದೂ ಉಂಟು. ಅದು ಪಾಠದಲ್ಲಿ ಬರುವ ಟಿಂಡಾಲ್ ಪರಿಣಾಮ. ಕಣಗಳಿವೆಯೆಂದು ಅದು ಹೇಳುತ್ತದೆ, ಎಷ್ಟಿವೆಯೆಂದು ಹೇಳುವುದಿಲ್ಲ. ಬಣ್ಣವನ್ನೂ ನೆಚ್ಚುವಂತಿಲ್ಲ: ಬೆಳ್ಳಿಯ ಅತಿಸೂಕ್ಷ್ಮ ಕಣಗಳು ನೀರಿಗೆ ಹಳದಿ ಛಾಯೆ ಕೊಡುತ್ತವೆ, ಆದರೆ ಅಯಾನಿನ ರೂಪದ ಬೆಳ್ಳಿಗೆ ಬಣ್ಣವೇ ಇಲ್ಲ. ಮನೆಯಲ್ಲಿ ಮಾಡಿದ ನೀರಿನಲ್ಲಿ ಹೆಚ್ಚಿನ ಪಾಲು ಇರುವುದು ಅಯಾನಿನ ರೂಪದಲ್ಲಿಯೇ. ತಿಳಿಯಾದ ನೀರಿನಲ್ಲಿಯೂ ಬೆಳ್ಳಿ ತುಂಬಿರಬಹುದು. ನಿಜವಾದ ಪ್ರಮಾಣವನ್ನು ತಿಳಿಯಲು ರಾಸಾಯನಿಕ ಪ್ರಯೋಗಶಾಲೆಯೇ ಬೇಕು.

ಬೆಳ್ಳಿಗೆ ಗುಣವಿಲ್ಲವೆ?

ಇದೆ. ಇಲ್ಲವೆಂದು ಹೇಳುವುದು ಸತ್ಯಕ್ಕೆ ದೂರ. ಅತ್ಯಲ್ಪ ಪ್ರಮಾಣದ ಲೋಹವೂ ಸೂಕ್ಷ್ಮಜೀವಿಗಳನ್ನು ಕೊಲ್ಲಬಲ್ಲದೆಂಬುದನ್ನು ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಕಾರ್ಲ್ ಫಾನ್ ನೇಗೆಲಿ ಗುರುತಿಸಿದ್ದರು. ಅವರ ಬರಹ 1893ರಲ್ಲಿ ಪ್ರಕಟವಾಯಿತು. ಸುಟ್ಟಗಾಯಗಳಿಗೆ ವೈದ್ಯರು ಹಚ್ಚುವ ಬಿಳಿಯ ಮುಲಾಮಿನಲ್ಲಿ ಬೆಳ್ಳಿಯ ಸಂಯುಕ್ತವಿದೆ. ಅಮೆರಿಕದ ಅಪೊಲೊ ಗಗನನೌಕೆಗಳಿಗಾಗಿ ಬೆಳ್ಳಿಯ ವಿದ್ಯುದಗ್ರಗಳುಳ್ಳ ಪುಟ್ಟ ನೀರು-ಶುದ್ಧೀಕರಣ ಉಪಕರಣವನ್ನು ರೂಪಿಸಿದ್ದರು. ಅಂತಾರಾಷ್ಟ್ರೀಯ ಅಂತರಿಕ್ಷ ನಿಲ್ದಾಣದ ರಷ್ಯನ್ ಭಾಗದಲ್ಲಿ ಸಂಗ್ರಹಿಸಿದ ನೀರು ಕೆಡದಂತೆ ಬೆಳ್ಳಿಯನ್ನೇ ಬಳಸುತ್ತಾರೆ. ನಮ್ಮ ದೇಶದಲ್ಲಿ 2009ರಲ್ಲಿ ಮಾರುಕಟ್ಟೆಗೆ ಬಂದ ‘ಟಾಟಾ ಸ್ವಚ್’ ಎಂಬ ಅಗ್ಗದ ಜಲಶೋಧಕದಲ್ಲಿ ಭತ್ತದ ಹೊಟ್ಟಿನ ಬೂದಿಯ ಮೇಲೆ ಬೆಳ್ಳಿಯ ಅತಿಸೂಕ್ಷ್ಮ ಕಣಗಳನ್ನು ಕೂರಿಸಿದ್ದರು.

ಈ ಬಳಕೆಗಳನ್ನು ಗಮನವಿಟ್ಟು ನೋಡಿದರೆ ಎರಡು ವಿಷಯಗಳು ಕಾಣುತ್ತವೆ. ಮುಲಾಮನ್ನು ಹೊರಗೆ ಹಚ್ಚುತ್ತಾರೆ, ಅದೂ ವೈದ್ಯರ ಕಣ್ಣಳತೆಯಲ್ಲಿ. ನೀರಿನಲ್ಲಿ ಬಳಸುವಾಗ ಬೆಳ್ಳಿ ಕಾಯುವುದು ನೀರನ್ನು. ಕುಡಿದವರ ರೋಗವನ್ನು ವಾಸಿಮಾಡುವ ಉದ್ದೇಶ ಅಲ್ಲಿಲ್ಲ, ಮತ್ತು ಅದರ ಪ್ರಮಾಣ ಲೀಟರಿಗೆ ಒಂದು ಮಿಲಿಗ್ರಾಂಗಿಂತ ಕಡಿಮೆ. ಲೋಟದೊಳಗೆ ಸೂಕ್ಷ್ಮಜೀವಿ ಸತ್ತಿತೆಂದರೆ ದೇಹದೊಳಗೂ ಸಾಯುತ್ತದೆ ಎಂದಾಗುವುದಿಲ್ಲ. ನಮ್ಮ ಜಠರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿದೆ. ಅಲ್ಲಿಗೆ ತಲುಪಿದ ಬೆಳ್ಳಿಯ ಅಯಾನು ಕ್ಲೋರೈಡಿನೊಡನೆ ಸೇರಿಬಿಡುತ್ತದೆ. ನಲ್ಲಿಯ ನೀರಿನಲ್ಲಿ ಕಂಡ ಅದೇ ಬಿಳಿಯ ವಸ್ತು. 1999ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಂಗಡಿಯಲ್ಲಿ ಚೀಟಿಯಿಲ್ಲದೆ ಮಾರುವ ಕಲಿಲ ಬೆಳ್ಳಿಯ ಔಷಧಗಳು ಸುರಕ್ಷಿತವೆಂದಾಗಲಿ ಪರಿಣಾಮಕಾರಿಯೆಂದಾಗಲಿ ಪರಿಗಣಿತವಲ್ಲ ಎಂದು ಅಧಿಕೃತವಾಗಿ ತೀರ್ಮಾನಿಸಿತು.

ಮನೆಯ ಬೆಳ್ಳಿಬಟ್ಟಲಲ್ಲಿ ಮಗುವಿಗೆ ಅನ್ನಪ್ರಾಶನ ಮಾಡಿಸುವುದಕ್ಕೂ, ದೇವರ ಮುಂದಿನ ಬೆಳ್ಳಿ ಪಂಚಪಾತ್ರೆಯ ತೀರ್ಥ ತೆಗೆದುಕೊಳ್ಳುವುದಕ್ಕೂ ಈ ಯಂತ್ರಕ್ಕೂ ಸಂಬಂಧವಿಲ್ಲ. ಬಟ್ಟಲು ತಾನಾಗಿ ಬಿಡುವ ಬೆಳ್ಳಿ ಲೆಕ್ಕಕ್ಕೆ ಬಾರದಷ್ಟು. ಬ್ಯಾಟರಿಯು ಬೆಳ್ಳಿಯನ್ನು ಬಲವಂತದಿಂದ ನೀರಿಗೆ ಇಳಿಸುತ್ತದೆ.

ತಾಯಿಯ ಪ್ರಶ್ನೆ

ಈಗ ಎರಡನೆಯ ಪ್ರಶ್ನೆ. ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನಕವು (ಐ.ಎಸ್. 10500, 2012ರ ಆವೃತ್ತಿ) ಬೆಳ್ಳಿಗೆ ಲೀಟರಿಗೆ 0.1 ಮಿಲಿಗ್ರಾಂ ಎಂಬ ಮಿತಿಯನ್ನು ವಿಧಿಸಿದೆ. ಬೇರೆ ನೀರು ಸಿಗದಿದ್ದಾಗ ಕೆಲವು ವಸ್ತುಗಳಿಗೆ ಅದು ಕೊಡುವ ಸಡಿಲಿಕೆ ಬೆಳ್ಳಿಗೆ ಇಲ್ಲ. ನಮ್ಮ ಲೋಟದ 16 ಪಿ.ಪಿ.ಎಂ. ಅದರ 160 ಪಟ್ಟು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮಾರ್ಗಸೂಚಿಯಂತೆ ಜೀವನಪರ್ಯಂತ ದಿನವೊಂದಕ್ಕೆ ಒಳಸೇರಬಹುದಾದ ಬೆಳ್ಳಿ ದೇಹತೂಕದ ಕಿಲೋಗ್ರಾಂಗೆ 0.005 ಮಿಲಿಗ್ರಾಂ. 20 ಕಿಲೋ ತೂಗುವ ಮಗುವಿಗೆ ಇದು 0.1 ಮಿಲಿಗ್ರಾಂ. ನಾಲ್ಕು ಮಿಲಿಗ್ರಾಂ ಬೆಳ್ಳಿಯಿರುವ ಒಂದು ಲೋಟ ಕುಡಿಸಿದರೆ ನಲವತ್ತು ದಿನಗಳ ಪಾಲನ್ನು ಒಂದೇ ಹೊತ್ತಿಗೆ ಕೊಟ್ಟಂತಾಯಿತು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. 10 ಪಿ.ಪಿ.ಎಂ. ಸಾರತೆಯ ನೀರನ್ನು ಒಂದು ಚಮಚ, ಅಂದರೆ 5 ಮಿಲಿಲೀಟರ್ ಕುಡಿದರೆ ಒಳಗೆ ಹೋಗುವುದು 0.05 ಮಿಲಿಗ್ರಾಂ ಮಾತ್ರ. ಒಮ್ಮೆ ಒಂದು ಚಮಚ ಕುಡಿದವರು ಭಯಪಡಬೇಕಾಗಿಲ್ಲ. ಆದರೆ ಅದು 10 ಇದೆಯೆಂದು ಹೇಳಿದವರು ಯಾರು? ಮೇಲೆ ಮಾಡಿದ ಲೆಕ್ಕಗಳೆಲ್ಲ ತೋರಿಸಿದ್ದು ಇದನ್ನೇ: ಮನೆಯಲ್ಲಿ 4 ಆದದ್ದೂ 40 ಆದದ್ದೂ ಕಣ್ಣಿಗೆ ಒಂದೇ ತೆರನಾಗಿ ಕಾಣುತ್ತದೆ. ಚಮಚ ಲೋಟವಾಗುತ್ತದೆ, ಒಂದು ದಿನ ಒಂದು ವರ್ಷವಾಗುತ್ತದೆ, ಬೆಳ್ಳಿ ದೇಹದಲ್ಲಿ ಶೇಖರವಾಗುತ್ತ ಹೋಗುತ್ತದೆ.

ಶೇಖರವಾದ ಬೆಳ್ಳಿಯಿಂದ ಬರುವ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಆರ್ಜಿರಿಯಾ ಎಂದು ಹೆಸರು. ಚರ್ಮ ನೀಲಿ-ಬೂದು ಬಣ್ಣಕ್ಕೆ ತಿರುಗುತ್ತದೆ. ಹಳೆಯ ಕಾಲದ ಫೋಟೋ ಹಾಳೆಯ ಮೇಲೆ ಬೆಳಕು ಬಿದ್ದಾಗ ಬೆಳ್ಳಿ ಕಪ್ಪಾಗುತ್ತಿದ್ದಂತೆಯೇ ಚರ್ಮದೊಳಗಿನ ಬೆಳ್ಳಿಯೂ ಬಿಸಿಲಿಗೆ ಕಪ್ಪಾಗುತ್ತದೆ. ಆದ್ದರಿಂದ ಮುಖ, ಕತ್ತು, ಕೈಗಳಲ್ಲಿ ಅದು ಹೆಚ್ಚು. ಒಮ್ಮೆ ಬಂದ ಈ ಬಣ್ಣ ತಾನಾಗಿ ಹೋಗುವುದಿಲ್ಲ. ಅಮೆರಿಕದ ಮೊಂಟಾನಾ ರಾಜ್ಯದ ರಾಜಕಾರಣಿ ಸ್ಟಾನ್ ಜೋನ್ಸ್ ಎಂಬವರು 1999ರಲ್ಲಿ, ಹೊಸ ಸಹಸ್ರಮಾನಕ್ಕೆ ಕಂಪ್ಯೂಟರುಗಳೆಲ್ಲ ಕೆಟ್ಟು ಔಷಧಗಳ ಕೊರತೆ ಬಂದೀತೆಂಬ ಅಂಜಿಕೆಯಿಂದ ಮನೆಯಲ್ಲಿಯೇ ಬೆಳ್ಳಿ ನೀರನ್ನು ತಯಾರಿಸಿ ಕುಡಿಯತೊಡಗಿದರು. 2002ರಲ್ಲಿ ಅವರು ಸೆನೆಟ್ ಚುನಾವಣೆಗೆ ನಿಂತಾಗ ಅವರ ಮುಖದ ನೀಲಿ ಬಣ್ಣವೇ ದೇಶದಲ್ಲೆಲ್ಲ ಸುದ್ದಿಯಾಯಿತು. ಬರಲಿಲ್ಲದ ಕೊರತೆಗೆ ಮಾಡಿಕೊಂಡ ಸಿದ್ಧತೆ ಮೈಮೇಲೆ ಉಳಿಯಿತು.

ಬಣ್ಣವಲ್ಲದೆ ಬೇರೆ ಕೇಡುಗಳೂ ಇವೆ. ಕೆಲವು ಪ್ರತಿಜೀವಕ ಔಷಧಗಳನ್ನೂ ಥೈರಾಯ್ಡ್ ಮಾತ್ರೆಯನ್ನೂ ದೇಹ ಸರಿಯಾಗಿ ಹೀರಿಕೊಳ್ಳದಂತೆ ಬೆಳ್ಳಿ ಅಡ್ಡಿಮಾಡಬಲ್ಲದು. ಎಲ್ಲಕ್ಕಿಂತ ದೊಡ್ಡ ಕೇಡೆಂದರೆ ಕಾಲಹರಣ. ಮಳೆಗಾಲದಲ್ಲಿ ಮಗುವಿಗೆ ಜ್ವರ ಬಂದಾಗ ಅದು ಡೆಂಗಿಯೊ, ಮಲೇರಿಯಾವೊ, ಇಲಿಜ್ವರವೊ ಎಂಬುದನ್ನು ರಕ್ತಪರೀಕ್ಷೆಯೇ ಹೇಳಬೇಕು. ಬೆಳ್ಳಿ ನೀರು ಕುಡಿಸಿ ಎರಡು ದಿನ ಕಾದರೆ ಕಳೆದುಹೋಗುವುದು ಆ ಎರಡು ದಿನಗಳೇ.

ಕಾಲ್ಗೆಜ್ಜೆಯನ್ನು ಲೋಟಕ್ಕಿಳಿಸಬೇಡಿ

ನಮ್ಮ ಮನೆಗಳಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯಿದೆ. ಶುದ್ಧ ಬೆಳ್ಳಿಯ ತಂತಿ ಎಲ್ಲರಲ್ಲಿಯೂ ಇರುವುದಿಲ್ಲ. ಆಗ ಕೈಗೆ ಸಿಗುವುದು ಹಳೆಯ ಕಾಲ್ಗೆಜ್ಜೆ, ಕಾಲುಂಗುರ, ಮಗುವಿನ ಉಡಿದಾರ ಅಥವಾ ಅಜ್ಜಿ ಇಟ್ಟಿದ್ದ ರಾಣಿ ಛಾಪಿನ ರೂಪಾಯಿ. ಇವು ಯಾವುವೂ ಅಪ್ಪಟ ಬೆಳ್ಳಿಯಲ್ಲ. ಬ್ರಿಟಿಷರ ಕಾಲದ ಆ ರೂಪಾಯಿ 11.66 ಗ್ರಾಂ ತೂಗುತ್ತಿತ್ತು. ಅದರಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಬೆಳ್ಳಿ, ಉಳಿದದ್ದು ಬೆರಕೆ. 1940ರಲ್ಲಿ ಬೆಳ್ಳಿಯ ಪಾಲನ್ನು ಅರ್ಧಕ್ಕೆ ಇಳಿಸಿದರು. ಗೆಜ್ಜೆಗೆ ಗಟ್ಟಿತನ ಬರಲೆಂದು ತಾಮ್ರ ಸೇರಿಸುತ್ತಾರೆ. ನಮ್ಮ ಗಡಿಗೆ ಹೊಂದಿರುವ, ಕೊಲ್ಹಾಪುರ ಜಿಲ್ಲೆಯ ಹುಪರಿಯ ಗೆಜ್ಜೆಗಳನ್ನು ಬೆಳಗಾವಿ ಸೀಮೆಯ ಹೆಣ್ಣುಮಕ್ಕಳು ಬಲ್ಲರು. ಅಷ್ಟು ನುಣುಪಾದ ಕೊಂಡಿಗಳನ್ನು ಒಂದಕ್ಕೊಂದು ಕೂಡಿಸಲು ಬೆಸುಗೆ ಬೇಕೇ ಬೇಕು. ಯಾವ ಊರಿನ ಬೆಸುಗೆಯಾದರೂ ಅದರಲ್ಲಿ ತಾಮ್ರ, ಸತು ಇರುತ್ತವೆ. ಕೆಲವು ಬೆಸುಗೆಗಳಲ್ಲಿ ವಿಷಕಾರಿಯಾದ ಕ್ಯಾಡ್ಮಿಯಂ ಕೂಡ ಇರಬಹುದು. ಧನಾಗ್ರವಾಗಿ ಇಂಥ ವಸ್ತುವನ್ನು ಇಳಿಬಿಟ್ಟರೆ ಬೆಳ್ಳಿಗಿಂತ ಮೊದಲು ಕರಗಿ ನೀರಿಗೆ ಇಳಿಯುವುದು ಈ ಬೆರಕೆಯ ಲೋಹಗಳೇ. ಗೆಜ್ಜೆಯೂ ಕೆಟ್ಟಿತು, ನೀರೂ ಕೆಟ್ಟಿತು.

ಬ್ಯಾಟರಿಯ ಬದಲು ಗೋಡೆಯ ಪ್ಲಗ್ಗಿನಿಂದ ವಿದ್ಯುತ್ ತೆಗೆದುಕೊಳ್ಳುವ ಸಾಹಸವನ್ನಂತೂ ಯಾರೂ ಮಾಡಕೂಡದು. 230 ವೋಲ್ಟ್, ತೆರೆದ ತಂತಿ, ನೀರು ತುಂಬಿದ ಲೋಟ, ಒದ್ದೆ ಕೈ ಇವು ಒಂದೆಡೆ ಸೇರಿದರೆ ಪ್ರಾಣಕ್ಕೇ ಸಂಚಕಾರ.

ಹಾಗಾದರೆ ಮಾಡಬೇಕಾದುದೇನು?

ನೀರಿನ ಶುದ್ಧತೆಯೇ ಚಿಂತೆಯಾಗಿದ್ದರೆ ಉಪಾಯಗಳು ಹಳೆಯವು, ಅಗ್ಗದವು, ಪರೀಕ್ಷಿತವಾದವು. ಸೋಸಿದ ನೀರನ್ನು ಚೆನ್ನಾಗಿ ಮರಳುವಂತೆ ಒಂದು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ ಕುಡಿಯುವುದು ಎಲ್ಲಕ್ಕಿಂತ ಭದ್ರ. ಉರುವಲಿಗೆ ಕಷ್ಟವಾದರೆ, ತಿಳಿನೀರನ್ನು ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ಪೂರ್ಣ ಬಿಸಿಲಿನಲ್ಲಿ ಆರು ತಾಸು ಮಲಗಿಸಿಡುವ ವಿಧಾನವಿದೆ. ಮೋಡ ಕವಿದ ದಿನಗಳಲ್ಲಿ ಎರಡು ದಿನ ಬೇಕಾಗುತ್ತದೆ. ಭೇದಿಯಾದ ಮಗುವಿಗೆ ಆರೋಗ್ಯ ಕೇಂದ್ರದಲ್ಲಿ ಸಿಗುವ ಓ.ಆರ್.ಎಸ್. ಪುಡಿಯ ನೀರನ್ನು ಕೊಡಬೇಕು. ಅದಿರಿನ ಸೀಮೆಯ ಕೆಲವು ಬಾವಿಗಳ ನೀರು ಕಬ್ಬಿಣದಂಶದಿಂದ ಕೆಂಪಾಗಿರುತ್ತದೆ. ಅದನ್ನು ತೆಗೆಯುವ ಶಕ್ತಿ ಬೆಳ್ಳಿಗಿಲ್ಲ, ಅದಕ್ಕೆ ಬೇರೆಯೇ ಶೋಧಕ ಬೇಕು.

ಇನ್ನು ಕೇಳಿದ ಹುಡುಗನಿಗೆ. ನಿನ್ನ ಕುತೂಹಲ ಬಹಳ ಒಳ್ಳೆಯದು. ಅದನ್ನು ಲೋಟದ ಬದಲು ಶಾಲೆಯ ಪ್ರಯೋಗಶಾಲೆಗೆ ಒಯ್ಯಿ. ಗುರುಗಳ ಸಮ್ಮುಖದಲ್ಲಿ ತಾಮ್ರದ ಎರಡು ಪಟ್ಟಿಗಳನ್ನು ಮೈಲುತುತ್ತದ ದ್ರಾವಣದಲ್ಲಿ ಇಳಿಬಿಟ್ಟು, 100 ಮಿಲಿಆಂಪಿಯರ್ ಪ್ರವಾಹವನ್ನು ಒಂದು ತಾಸು ಹರಿಸು. ಮೊದಲೂ ಆಮೇಲೂ ಪಟ್ಟಿಗಳನ್ನು ತೊಳೆದು, ಪೂರ್ತಿ ಒಣಗಿಸಿ ತೂಗು. ಧನಾಗ್ರ ಸುಮಾರು 119 ಮಿಲಿಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಗುಲಗಂಜಿಯಷ್ಟು ಕಳೆದುಕೊಂಡಿರಬೇಕು; ಋಣಾಗ್ರ ಬಹುತೇಕ ಅಷ್ಟನ್ನೇ ಗಳಿಸಿರಬೇಕು. ಇಲ್ಲಿ ಒಂದು ಕಡೆ ಇಳಿದದ್ದು ಇನ್ನೊಂದು ಕಡೆ ಕೂರುವುದರಿಂದ ಲೆಕ್ಕ ಚೆನ್ನಾಗಿ ತಾಳೆಯಾಗುತ್ತದೆ. ಮೈಲುತುತ್ತ ವಿಷವಾದ್ದರಿಂದ ಕೈ ತೊಳೆಯದೆ ಊಟಕ್ಕೆ ಕೂರಬಾರದು, ಆ ಲೋಟವನ್ನು ಮನೆಗೆ ತರಬಾರದು.

ಮನೆಯಲ್ಲಿ ಬೆಳ್ಳಿಯೊಡನೆ ಮಾಡಬಹುದಾದ ನಿರಪಾಯದ ಪ್ರಯೋಗವೂ ಒಂದಿದೆ. ಅಮ್ಮನ ಕಪ್ಪಾದ ಸಾದಾ ಗೆಜ್ಜೆಯನ್ನು, ಹರಳು ಕೂರಿಸಿದ್ದಾಗಿರಬಾರದು, ಅಲ್ಯೂಮಿನಿಯಂ ಹಾಳೆ ಹಾಸಿದ ಗಾಜಿನ ಬಟ್ಟಲಲ್ಲಿ ಹಾಳೆಗೆ ತಾಗುವಂತೆ ಇಟ್ಟು, ಒಂದು ಚಮಚ ಅಡುಗೆ ಸೋಡಾ ಉದುರಿಸಿ, ದೊಡ್ಡವರ ಕೈಯಿಂದ ಬಿಸಿನೀರು ಹೊಯ್ಯಿಸು. ಕಪ್ಪು ನಿಧಾನವಾಗಿ ಬಿಡುತ್ತದೆ. ಕೆಟ್ಟ ಮೊಟ್ಟೆಯ ವಾಸನೆ ತುಸು ಬರಬಹುದು, ಕಿಟಕಿ ತೆರೆದಿರಲಿ. ಆ ಕಪ್ಪು ಬೆಳ್ಳಿ ಮತ್ತು ಗಂಧಕ ಸೇರಿ ಆದದ್ದು. ಅಲ್ಯೂಮಿನಿಯಂ ತಾನು ಇಲೆಕ್ಟ್ರಾನುಗಳನ್ನು ಕೊಟ್ಟು ಬೆಳ್ಳಿಯನ್ನು ಮತ್ತೆ ಬೆಳ್ಳಿಯಾಗಿಸಿತು. ಬ್ಯಾಟರಿಯಿಲ್ಲದೆಯೇ ವಿದ್ಯುದ್ರಾಸಾಯನಿಕ ಕ್ರಿಯೆ ನಡೆಯಿತು, ಅಮ್ಮನ ಗೆಜ್ಜೆಯೂ ಹೊಳೆಯಿತು.

ಇತರ ವಿದ್ಯಾರ್ಥಿಗಳಿಗೆ ಈ ವಾರದ ಲೆಕ್ಕ: ಅರ್ಧ ಲೀಟರ್ ನೀರಿನಲ್ಲಿ ಬೆಳ್ಳಿಯ ಧನಾಗ್ರದ ಮೂಲಕ 2 ಮಿಲಿಆಂಪಿಯರ್ ಪ್ರವಾಹ ಅರ್ಧ ತಾಸು ಹರಿಯಿತು. ಧನಾಗ್ರದಿಂದ ಹೊರಟ ಬೆಳ್ಳಿ ಎಷ್ಟು? ಅದೆಲ್ಲವೂ ನೀರಿನಲ್ಲಿಯೇ ಉಳಿದಿದ್ದರೆ ಅದು ಕುಡಿಯುವ ನೀರಿನ ಮಾನಕದ ಎಷ್ಟು ಪಟ್ಟು? ಉತ್ತರದೊಡನೆ ಲೆಕ್ಕದ ಹೆಜ್ಜೆಗಳನ್ನೂ ಬರೆದು ಕಳುಹಿಸಿ. ಸರಿಯಾದ ಉತ್ತರ ಮುಂದಿನ ವಾರ ಇದೇ ಅಂಕಣದಲ್ಲಿ.